ಔಟರ್‌ನಲ್ಲಿ ನಿಂತ ಗಾಡಿ

ಧನುರ್ಮಾಸದ ಚಳಿ ಈ ಸಲ ನೊಣವಿನಕೆರೆಗೆ ಬೇಗ ಇಳಿಯಿತು. ಕೆರೆಯ ಮೇಲಿಂದ ಹೊರಟ ಗಾಳಿ ಏರಿ ದಾಟಿ ತೋಟಕ್ಕೆ ನುಗ್ಗಿದರೆ ಕಂಬಳಿಯೂ ಸಾಲದು. ಅಂಗಳದಲ್ಲಿ ಒಣ ಮಟ್ಟೆ ಒಟ್ಟಿ, ಮೇಲೆ ನಾಲ್ಕು ಮಂಕರಿ ಚಿಪ್ಪು ಸುರಿದು ಬೆಂಕಿ ಮಾಡಿಕೊಂಡು ಕೂತಿದ್ದೆವು. ಕೊಬ್ಬರಿ ಬಿಚ್ಚಿದ ಮನೆಯಲ್ಲಿ ಚಿಪ್ಪಿಗೆ ಬರವಿಲ್ಲ. ಅಟ್ಟದ ಮೇಲೆ ಹತ್ತು ತಿಂಗಳು ಒಣಗಿದ ಕಾಯಿಯ ಚಿಪ್ಪಿನಲ್ಲಿ ಎಣ್ಣೆಯ ಪಸೆ ಇರುತ್ತದೆ. ಅದರ ಉರಿ ಸೌದೆಯ ಉರಿಯಂತೆ ಕೆಂಪಲ್ಲ, ಗಟ್ಟಿ ಹಳದಿ.

ಮಗ ಬೆಂಗಳೂರಿನಿಂದ ರೈಲಿನಲ್ಲಿ ಬರುತ್ತಿದ್ದ. ತಿಪಟೂರಿನಲ್ಲಿ ಇಳಿದು ಇಲ್ಲಿಗೆ ಬರಬೇಕು. ಊಟಕ್ಕೆ ಕಾಯುತ್ತಿದ್ದಾಗ ಅವನ ಫೋನು ಬಂತು: “ಅಪ್ಪಾ, ಔಟರ್‌ನಲ್ಲಿ ನಿಲ್ಲಿಸಿದಾರೆ. ಕಾಲು ಗಂಟೆ ಆಯ್ತು. ನೀವು ಊಟ ಮಾಡಿ.”

ಪಕ್ಕದಲ್ಲೇ ಕೂತಿದ್ದ ಮೊಮ್ಮಗಳಿಗೆ ಕೇಳಿಸಿತು. “ಔಟರ್ ಅಂದ್ರೆ ಯಾವೂರು ತಾತ?” ಎಂದಳು. ಗುಬ್ಬಿ, ನಿಟ್ಟೂರು, ಅಮ್ಮಸಂದ್ರ, ಬಾಣಸಂದ್ರ, ಅರಳಗುಪ್ಪೆ, ಕರಡಿ, ತಿಪಟೂರು. ಈ ಸಾಲು ಅವಳಿಗೆ ಬಾಯಿಪಾಠ. ಅದರಲ್ಲಿ ಔಟರ್ ಎಂಬ ಊರು ಸಿಗಲಿಲ್ಲ, ಅದಕ್ಕೆ ಕೇಳಿದಳು.

ಎದ್ದು ಒಳಗೆ ಹೋಗಿ ಟ್ರಂಕಿನ ಅಡಿಯಲ್ಲಿ ಪಂಚೆಯ ತುಂಡಿನಲ್ಲಿ ಸುತ್ತಿಟ್ಟಿದ್ದ ಗಾಜಿನ ಚೂರು ತಂದೆ. ಅಂಗೈಯಗಲದ ದಪ್ಪ ನೀಲಿ ಗಾಜು. ಒಂದು ಅಂಚು ದುಂಡಗಿದೆ, ಉಳಿದ ಅಂಚೆಲ್ಲ ಒಡೆದದ್ದು. ಕತೆ ಮುಗಿಯುವ ತನಕ ಇದನ್ನು ಬೆಂಕಿಗೆ ಹಿಡಿದು ನೋಡಬಾರದು ಎಂದು ಮಾತು ತೆಗೆದುಕೊಂಡು ಅವಳ ಕೈಗಿಟ್ಟೆ.

ನನ್ನ ಸೋದರಮಾವ ರೈಲ್ವೆಯಲ್ಲಿ ದೀಪದ ಕೆಲಸದಲ್ಲಿದ್ದರು. ಕಾಗದಪತ್ರದಲ್ಲಿ ಲ್ಯಾಂಪ್‌ಮನ್, ಸುತ್ತಲ ಹಳ್ಳಿಯವರ ಬಾಯಲ್ಲಿ ದೀಪದಯ್ಯ. ತಿಪಟೂರಿನ ಆಸುಪಾಸಿನ ಒಂದು ಚಿಕ್ಕ ಸ್ಟೇಷನ್ನು, ಅದರ ಹೆಸರು ಬೇಡ. ಗಾಡಿಗೆ ಗಾಡಿ ದಾಟಿಸಲು ಎರಡು ದಾರಿ, ಒಂದು ಹುಣಸೆಮರ, ನಾಲ್ಕು ಕ್ವಾರ್ಟರ್ಸು. ಎರಡು ಕಡೆಯೂ ತೆಂಗಿನ ತೋಟ, ಕಂಬಿಯ ಬೇಲಿಗೆ ಒರಗಿಕೊಂಡೇ ನಿಂತ ಮರಗಳು. ನಮ್ಮೂರಿಗೆ ರೈಲಿಲ್ಲವಾದ್ದರಿಂದ ರಜೆ ಬಂದರೆ ನಾನು ಅಲ್ಲಿಗೆ ಓಡುತ್ತಿದ್ದೆ. ಈಗ ಹೇಳುವುದು 1975ರ ದಸರಾ ರಜೆಯ ಮಾತು. ನನಗೆ ಹನ್ನೊಂದು ವರ್ಷ.

ಸಂಜೆ ನಾಲ್ಕಕ್ಕೆ ಮಾವನ ಕೆಲಸ ಶುರು. ದೀಪದ ಕೋಣೆಯ ಬಾಗಿಲು ತೆಗೆದರೆ ಸೀಮೆಎಣ್ಣೆಯ ವಾಸನೆ ಮುಖಕ್ಕೆ ಹೊಡೆಯುತ್ತಿತ್ತು. ಕಲ್ಲಿನ ಹಾಸಿನ ಮೇಲೆ ದೀಪಗಳನ್ನು ಸಾಲಾಗಿ ಇಟ್ಟುಕೊಂಡು, ಒಂದೊಂದರ ಬತ್ತಿಯ ಕರಿ ಚಿವುಟಿ, ಅಂಚು ಸಮ ಮಾಡಿ, ಎಣ್ಣೆ ತುಂಬಿ, ಮುಂದಿನ ಉಬ್ಬುಗಾಜನ್ನು ಬೂದಿಯಲ್ಲಿ ತಿಕ್ಕಿ ಒರೆಸುತ್ತಿದ್ದರು. ದೀಪದ ಹಿಂಬದಿಗೆ ಒಂದು ಚಿಕ್ಕ ಕಣ್ಣು. ಗಾಡಿಯ ಡ್ರೈವರಿಗೆ ಮುಂದಿನ ಬೆಳಕು, ಸ್ಟೇಷನ್ ಮಾಸ್ಟರಿಗೆ ಆ ಹಿಂದಿನ ಕಣ್ಣಿನ ಬಿಳಿ ಚುಕ್ಕೆ. ಕೈ ಅಡ್ಡ ಇದ್ದರೆ ಚುಕ್ಕೆ ಕಾಣುತ್ತದೆ, ಕೈ ಇಳಿದರೆ ಮುಚ್ಚಿಕೊಳ್ಳುತ್ತದೆ. ಅರ್ಧ ಮೈಲಿ ದೂರದ ಕಂಬ ಹೇಳಿದ ಮಾತು ಕೇಳಿತೋ ಇಲ್ಲವೋ ಎಂದು ಮಾಸ್ಟರು ಕತ್ತಲಲ್ಲಿ ತಿಳಿಯುತ್ತಿದ್ದದ್ದು ಹೀಗೆ.

ಕೈ ಎಂದರೆ ಕೈಮರದ ಕೈ. ನಮ್ಮಜ್ಜಿ ಸಿಗ್ನಲ್ ಎಂಬ ಮಾತನ್ನೇ ಆಡಿದವರಲ್ಲ. ದಾರಿ ಕವಲೊಡೆಯುವಲ್ಲಿ ಊರ ಹೆಸರು ಬರೆದು ನಿಲ್ಲಿಸಿದ್ದೂ ಕೈಮರ, ರೈಲಿಗೆ ನಿಲ್ಲು ಬಾ ಎನ್ನುವುದೂ ಕೈಮರ. ಮರದ ಕಂಬಕ್ಕೊಂದು ಕೈ. ಘಟ್ಟ ಇಳಿದರೆ ಇದೇ ಮಾತು ಕೈಕಂಬ ಆಗುತ್ತದೆ. ಮಂಗಳೂರಿನ ಸುತ್ತ, ಬಿ.ಸಿ.ರೋಡಿನ ಹತ್ತಿರ, ಕಾಸರಗೋಡಿನ ಉಪ್ಪಳದಲ್ಲಿ ಕೈಕಂಬ ಎಂಬ ಜಾಗಗಳೇ ಇವೆ. ಚಿಕ್ಕಮಗಳೂರಿನ ಬೆಟ್ಟದ ದಾರಿಯಲ್ಲಿ ಒಂದು ಕೈಮರ ಇದೆ. ಸಾಮಾನು ಒಂದೇ, ಮೇಲೆ ಮರ, ಕೆಳಗೆ ಕಂಬ. ತಮಿಳರ ಮಾತನ್ನು ನಾನು ಕೇಳಿದ್ದು ಆ ರಾತ್ರಿ, ಮಳೆಯಲ್ಲಿ.

ಕೈಮರದ ಪಾಠ ಮಾವ ನನಗೆ ನಡೆಯುತ್ತಲೇ ಹೇಳಿಕೊಟ್ಟಿದ್ದರು. ಹೊರಗಿನಿಂದ ಬರುವ ಗಾಡಿಗೆ ಮೊದಲು ಸಿಗುವುದು ಔಟರ್. ಆಮೇಲೆ, ದಾರಿ ಎರಡಾಗುವ ಜಾಗಕ್ಕೆ ಮುಂಚೆ, ಹೋಮ್. ಹೊರಡುವಾಗ ಸ್ಟಾರ್ಟರ್. ನಮ್ಮ ಔಟರಿನ ಕಂಬಕ್ಕೆ ಎರಡು ಕೈ. ಮೇಲಿನದು ಚೌಕ ತುದಿಯ ಕೆಂಪು ಕೈ, ಅದಕ್ಕೆ ಬಿಳಿ ಪಟ್ಟಿ. ಕೆಳಗಿನದಕ್ಕೆ ತುದಿಯನ್ನು ಮೀನಿನ ಬಾಲದಂತೆ ಸೀಳಿರುತ್ತಾರೆ. ಪುಸ್ತಕದ ಹೆಸರು ವಾರ್ನರ್, ಮಾವನಿಗೆ ಅದು ಮೀನ್‌ಬಾಲ. ರಾತ್ರಿ ಎರಡೂ ಕೆಂಪಿದ್ದರೆ ಅಲ್ಲೇ ನಿಲ್ಲಬೇಕು. ಮೇಲೆ ಹಸಿರು, ಕೆಳಗೆ ಕೆಂಪು ಎಂದರೆ ಒಳಗೆ ಬಾ, ಆದರೆ ಮುಂದೆ ನಿಲ್ಲಲು ಸಿದ್ಧವಾಗಿ ಬಾ. ಎರಡೂ ಹಸಿರಾದರೆ ಸ್ಟೇಷನ್ನಿನಲ್ಲಿ ನಿಲ್ಲದೆ ಹಾದುಹೋಗುವ ಗಾಡಿಗೆ ದಾರಿ ಬಿಟ್ಟಂತೆ. ಹಳದಿ ಎಂಬ ಬಣ್ಣವೇ ನಮ್ಮ ದಾರಿಯಲ್ಲಿ ಇರಲಿಲ್ಲ. ಕೆಂಪು, ಹಸಿರು ಎರಡರಲ್ಲೇ ಅಷ್ಟೂ ಮಾತು ಮುಗಿಯಬೇಕು.

ಇನ್ನೊಂದು ವಿಚಿತ್ರ ನನ್ನ ತಲೆಗೆ ಹತ್ತಲು ಎರಡು ದಿನ ಹಿಡಿದಿತ್ತು. ರೈಲ್ವೆಯವರ ಬಾಯಲ್ಲಿ ಸಿಗ್ನಲ್ ‘ಆನ್’ ಎಂದರೆ ಗಾಡಿ ನಿಲ್ಲಬೇಕು, ‘ಆಫ್’ ಎಂದರೆ ಹೋಗಬಹುದು. ಮನೆಯ ದೀಪದ ಗುಂಡಿಗೆ ಇದು ತಿರುವುಮುರುವು. ಮಾವ ಹೇಳಿದ್ದು ಒಂದೇ ಮಾತು: “ಕೈಮರ ಕಾವಲು ಇದ್ದಂಗೆ ಕಣೋ. ಆನ್ ಅಂದ್ರೆ ಕಾವಲು ಐತೆ. ಆಫ್ ಅಂದ್ರೆ ಕಾವಲು ತೆಗೆದ್ವಿ.”

ಆ ಸಂಜೆ ಔಟರಿನ ಮೇಲಿನ ದೀಪವನ್ನು ನಾನೇ ಹೊರುತ್ತೇನೆ ಎಂದು ಹಟ ಮಾಡಿದೆ. ಕೋಣೆಯಲ್ಲಿ ಮಾವ ಹಚ್ಚಿ ಕೊಟ್ಟರು, ಡಬ್ಬಿಯ ಪಕ್ಕದ ಬಾಗಿಲು ಮುಚ್ಚಿ ಕೊಂಡಿ ಸಿಕ್ಕಿಸಿದ್ದು ನಾನು. ಕಂಬದ ಬುಡದಲ್ಲಿ ಎತ್ತಿ ಕೊಟ್ಟೆ. ಮಾವ ಏಣಿ ಹತ್ತಿ ಕೂರಿಸಿ ಇಳಿದರು. ಆಕಾಶ ಅಷ್ಟು ಹೊತ್ತಿಗೇ ಕಪ್ಪಾಗಿತ್ತು. ಚಿತ್ತಾ ಮಳೆ ಹಿಡಿದು ನಾಲ್ಕನೇ ದಿನ.

ರಾತ್ರಿ ಒಂಬತ್ತರ ಮೇಲೆ ಗಾಳಿ ಎದ್ದಿತು. ತೆಂಗಿನ ತೋಟದೊಳಗೆ ಗಾಳಿ ಹೊಕ್ಕಾಗ ಆಗುವ ಸದ್ದು ಗೊತ್ತಿದ್ದವರಿಗೆ ಗೊತ್ತು, ಕೆರೆ ಕೋಡಿ ಬಿದ್ದ ಹಾಗೆ. ಮಳೆ ಅಡ್ಡಡ್ಡ ಹೊಡೆಯುತ್ತಿತ್ತು. ಆ ರಾತ್ರಿ ನಮ್ಮ ಸ್ಟೇಷನ್ನಿನಲ್ಲಿ ಎರಡು ಗಾಡಿ ದಾಟಬೇಕಿತ್ತು. ತುಮಕೂರು ಕಡೆಯಿಂದ ಒಂದು ಗೂಡ್ಸು, ಅರಸೀಕೆರೆ ಕಡೆಯಿಂದ ರಾತ್ರಿಯ ಪ್ಯಾಸೆಂಜರು. ಮಾಸ್ಟರು ಗೂಡ್ಸನ್ನು ಮೊದಲು ಒಳಗೆ ತೆಗೆದುಕೊಳ್ಳುವುದೆಂದು ಅರಸೀಕೆರೆ ಕಡೆಯ ಔಟರನ್ನು ಆನ್‌ನಲ್ಲೇ ಇಟ್ಟಿದ್ದರು. ಪ್ಯಾಸೆಂಜರು ಬಂದು ಔಟರ್‌ನಲ್ಲಿ ನಿಂತು ಉದ್ದಕ್ಕೆ ಒಂದು ಕೂಗು ಹಾಕಿತು. ಅದರಲ್ಲಿ ವಿಶೇಷವೇನಿಲ್ಲ, ದಿನಾ ಆಗುವುದೇ. ಗೂಡ್ಸು ಬಂತು, ಒಳಗೆ ನಿಂತಿತು. ಪ್ಯಾಸೆಂಜರಿಗೆ ಕೈ ಕೊಡುವ ಮುಂಚೆ ಮಾಸ್ಟರು ಆ ಕಡೆ ನೋಡಿದರೆ ಹಿಂಗಣ್ಣಿನ ಬಿಳಿ ಚುಕ್ಕೆ ಇಲ್ಲ. ಲಿವರು ಆನ್‌ನಲ್ಲಿದೆ, ಚುಕ್ಕೆ ಕಾಣಬೇಕು. ಕಾಣುತ್ತಿಲ್ಲ. ಒಂದೋ ದೀಪ ಆರಿದೆ, ಇಲ್ಲವೇ ಹೇಳದೆಯೇ ಕೈ ಇಳಿದಿದೆ.

ಮಾಸ್ಟರು ಚೀಟಿ ಬರೆದು ರುಜು ಹಾಕಿ ಮಾವನ ಕೈಗೆ ಕೊಟ್ಟರು. ಅಂಥ ಹೊತ್ತಿನಲ್ಲಿ ಡ್ರೈವರಿಗೆ ಬಾಯಿಮಾತು ನಡೆಯುವುದಿಲ್ಲ, ಕಾಗದವೇ ಆಗಬೇಕು. ನಾನೂ ಗೋಣಿಕೊಪ್ಪೆ ಹಾಕಿಕೊಂಡು ಹಿಂದೆ ಹೊರಟೆ. ಮಾವ ಬೇಡ ಎನ್ನಲಿಲ್ಲ. ಒಂದು ಕೈಯಲ್ಲಿ ಬೇರೆ ದೀಪ, ಇನ್ನೊಂದರಲ್ಲಿ ಮೂರು ಬಣ್ಣದ ಕೈದೀಪ, ಸೊಂಟದಲ್ಲಿ ಮಚ್ಚು. ಕಂಬಿಯ ಪಕ್ಕದ ಜಲ್ಲಿಯ ಮೇಲೆ ಬರಿಗಾಲಲ್ಲಿ ಅರ್ಧ ಮೈಲಿ.

ಕತ್ತಲಲ್ಲಿ ಮೊದಲು ಕಂಡದ್ದು ಇಂಜಿನ್ನು. ವೈಪಿ ಇಂಜಿನ್ನಿನ ಬೆಂಕಿಗೂಡಿನ ಬಾಗಿಲು ತೆಗೆದಾಗಲೆಲ್ಲ ಮಳೆಯ ಹನಿಗಳು ಕೆಂಪಗೆ ಹೊಳೆದು ಮಾಯವಾಗುತ್ತಿದ್ದವು. ಡಬ್ಬಿಯ ಕಿಟಕಿಗಳಿಂದ ತಲೆಗಳು ಹೊರಗೆ. “ಏನಂತೆ?” ಎಂದು ಒಬ್ಬರು, “ಔಟರ್‌ನಾಗೆ ನಿಂತೈತೆ” ಎಂದು ಇನ್ನೊಬ್ಬರು.

ಡ್ರೈವರು ಕೆಳಗಿಳಿದು ಕಂಬದ ಬುಡದಲ್ಲಿ ನಿಂತಿದ್ದರು. ತಮಿಳರು. ಮದರಾಸು ಕಡೆಯ ದೊಡ್ಡ ಗೇಜಿನ ದಾರಿಯಲ್ಲಿ ವರ್ಷಗಟ್ಟಲೆ ಓಡಿಸಿ, ಅರಸೀಕೆರೆ ಶೆಡ್ಡಿಗೆ ವರ್ಗವಾಗಿ ಬಂದು ನಾಲ್ಕು ತಿಂಗಳಾಗಿತ್ತಂತೆ. ಮಾವನ ಕೈದೀಪವನ್ನು ಈಸಿಕೊಂಡು ಮೇಲಕ್ಕೆ ಎತ್ತಿ ಹಿಡಿದು, ತಮಗೆ ಬಂದ ಕನ್ನಡದಲ್ಲಿ, “ನೋಡಪ್ಪಾ, ದೀಪ ಇಲ್ಲ. ಕೈಕಾಟ್ಟಿ ತೊಂಗ್ತಾ ಇದೆ” ಎಂದರು. ಕೈಕಾಟ್ಟಿ, ಕೈ ತೋರಿಸುವುದು. ಕೇಳಿದ ಕೂಡಲೇ ಅರ್ಥವಾಯಿತು.

ಮೇಲಿನ ಕೈ ಅಡ್ಡವಾಗಿ ನಿಂತಿರಲಿಲ್ಲ, ಪೂರ್ತಿ ಇಳಿದೂ ಇರಲಿಲ್ಲ. ಕಟ್ಟಿಗೆ ಹೊತ್ತು ದಣಿದವರ ತೋಳಿನಂತೆ ಅರೆಬರೆ ಜೋತಿತ್ತು. ಕೆಳಗೆ ಮೀನ್‌ಬಾಲದ ಕೆಂಪು ಒಂಟಿಯಾಗಿ ಉರಿಯುತ್ತಿತ್ತು.

ಆಗ ಆದ ಒಂದು ಮಾತುಕತೆ ನನ್ನ ಕಣ್ಣಿನಲ್ಲಿ ಇವತ್ತಿಗೂ ಹಾಗೇ ಇದೆ. ಮಾವ ಹೇಳಿದರು, “ಸ್ವಾಮಿ, ನಮ್ಮ ಕಡೆ ಕೈ ಅಡ್ಡ ಇದ್ರೆ ನಿಲ್ಲು, ಇಳಿದ್ರೆ ಬಾ.” ಹೇಳುತ್ತಾ ತಮ್ಮ ಎಡಗೈಯನ್ನು ಅಡ್ಡ ಚಾಚಿ ಕೆಳಕ್ಕೆ ಇಳಿಸಿ ತೋರಿಸಿದರು. ಡ್ರೈವರು ತಲೆಯಾಡಿಸಿ ತಮ್ಮ ಎಡಗೈ ಚಾಚಿದರು. “ನಮ್ಮ ಕಡೆ ಇದು ನಿಲ್ಲು. ಇದು ಹುಷಾರು,” ಕೈಯನ್ನು ಓರೆಯಾಗಿ ಮೇಲಕ್ಕೆತ್ತಿದರು. “ಇದು ಹೋಗು,” ಕೈ ನೆಟ್ಟಗೆ ಆಕಾಶಕ್ಕೆ. “ಕೆಳಗೆ ತೊಂಗಿದ್ರೆ ಅದಕ್ಕೆ ಅರ್ಥವೇ ಇಲ್ಲ ತಂಬಿ. ಕೆಟ್ಟಿದೆ ಅಂತ ಅಷ್ಟೇ.” ಸುರಿಯುವ ಮಳೆಯಲ್ಲಿ, ಬೆಂಕಿಗೂಡಿನ ಬೆಳಕಿನಲ್ಲಿ, ಇಬ್ಬರು ಗಂಡಸರು ಎದುರುಬದುರು ನಿಂತು ಒಬ್ಬರು ಕೈ ಇಳಿಸುತ್ತಾ, ಇನ್ನೊಬ್ಬರು ಕೈ ಎತ್ತುತ್ತಾ ಒಂದೇ ಮಾತನ್ನು ಹೇಳುತ್ತಿದ್ದರು.

ಇಲ್ಲಿ ಒಂದು ಸಂಗತಿ ಹೇಳಬೇಕು. ಡ್ರೈವರಿಗೆ ನಮ್ಮ ಕೈಮರ ಗೊತ್ತಿರಲಿಲ್ಲ ಎಂದಲ್ಲ. ಹೊಸ ದಾರಿಗೆ ಬಂದವರು ಹಳಬರ ಜೊತೆ ಹಗಲೂ ರಾತ್ರಿಯೂ ಓಡಾಡಿ, ದಾರಿ ಕಲಿತೆ ಎಂದು ರುಜು ಹಾಕದೆ ಇಂಜಿನ್ನು ಮುಟ್ಟುವ ಹಾಗಿಲ್ಲ. ಅವರಿಗೆ ಎರಡೂ ಗೊತ್ತು. ಆದರೆ ಅರೆಬರೆ ಜೋತ ಕೈಯನ್ನು ಕಂಡಾಗ, ಇಳಿದ ಕೈ ಎಂದರೆ ‘ಬಾ’ ಎಂದು ನೋಡಿ ನೋಡಿ ಪಳಗಿದ ಕಣ್ಣು ಒಂದು ಕ್ಷಣ ಅನುಮಾನಿಸಬಹುದಿತ್ತು. ಅವರ ಕಣ್ಣಿಗೆ ಆ ಅನುಮಾನವೇ ಬರಲಿಲ್ಲ. ತೊಂಗಿದ ಕೈ ಅವರ ಮಟ್ಟಿಗೆ ಮುರಿದ ಕೈ.

ಮಾವ ಏಣಿಗೆ ಕೈ ಹಾಕುವ ಮೊದಲು ಬಗ್ಗಿ, ಕಂಬದ ಬುಡಕ್ಕೆ ಬರುವ ತಂತಿಯನ್ನು ಮುಟ್ಟಿ ನೋಡಿದರು. ಲಿವರು ಆನ್‌ನಲ್ಲಿದ್ದಾಗ ತಂತಿ ಸಡಿಲವಾಗಿ ಇರಬೇಕು. ಅದು ತಂಬೂರಿಯ ತಂತಿಯ ಹಾಗೆ ಬಿಗಿದಿತ್ತು. “ಎಲ್ಲೋ ಯಾರೋ ಎಳೀತಾವ್ರೆ,” ಎಂದು ನನ್ನನ್ನು ಕಂಬದ ಬುಡದಲ್ಲೇ ನಿಲ್ಲಿಸಿ, ತಂತಿಯ ಜೊತೆಯಲ್ಲೇ ಸ್ಟೇಷನ್ನಿನ ಕಡೆಗೆ ವಾಪಸು ನಡೆದರು. ಸಾಲು ಗೂಟಗಳ ಮೇಲೆ ರಾಟೆ, ರಾಟೆಯ ಮೇಲೆ ತಂತಿ. ನೂರೈವತ್ತು ಮಾರು ಹೋದಮೇಲೆ ಅವರ ದೀಪ ನಿಂತಿತು.

ಬೇಲಿಯಂಚಿನ ಒಂದು ಮರಕ್ಕೆ ಸುಳಿ ಕೊಳೆತಿತ್ತು. ತೆಂಗು ಬೆಳೆದವರಿಗೆ ಅದು ಹೇಳಬೇಕಾದ್ದಿಲ್ಲ. ಸುಳಿ ಕೊಳೆತ ಮರದ ತಲೆ ಒಂದಲ್ಲ ಒಂದು ದಿನ ಕಳಚಿ ಬೀಳುತ್ತದೆ. ಆ ಗಾಳಿಗೆ ಗರಿ, ಗೊನೆ, ನೆನೆದ ಎಡೆಮಟ್ಟೆ ಸಮೇತ ಇಡೀ ತಲೆ ಕಳಚಿ ತಂತಿಯ ಮೇಲೆ ಕೂತಿತ್ತು. ಮಾಸ್ಟರು ಎಳೆಯಬೇಕಾದ ತಂತಿಯನ್ನು ಸತ್ತ ಮರ ಎಳೆಯುತ್ತಿತ್ತು. ತಂತಿ ಹರಿದರೆ ಕೈ ತಾನಾಗಿ ಅಡ್ಡಕ್ಕೆ ಹೋಗಲೆಂದು ಕಂಬದಲ್ಲಿ ಭಾರ ಕಟ್ಟಿರುತ್ತಾರೆ. ಹರಿಯುವುದಕ್ಕೆ ಆ ಉಪಾಯ ಇದೆ, ಯಾರೋ ಹೊರಗಿನವರು ಎಳೆದರೆ ಇಲ್ಲ. ಡ್ರೈವರು ನನಗೆ ಹೇಳಿದರು, ತಮ್ಮ ಕಡೆಯ ಕೈಕಾಟ್ಟಿಗೆ ಜೋಡಿ ತಂತಿ, ಒಂದು ಎಳೆದರೆ ಇನ್ನೊಂದು ಬಿಡುತ್ತದೆ ಎಂದು. ಅವರು ಅದನ್ನು ದೊಡ್ಡಸ್ತಿಕೆಗೆ ಹೇಳಲಿಲ್ಲ. ಕತ್ತಲಲ್ಲಿ ಹೆದರಿ ನಿಂತ ಹುಡುಗನ ಜೊತೆ ಏನಾದರೂ ಮಾತಾಡಬೇಕೆಂದು ಹೇಳಿದರು.

ದೂರದಲ್ಲಿ ಮಚ್ಚಿನ ಪೆಟ್ಟು ಕೇಳಿಸುತ್ತಿತ್ತು. ಏಳೋ ಎಂಟೋ ಪೆಟ್ಟಾದ ಮೇಲೆ ಕಾಲ ಬಳಿಯ ತಂತಿ ಸರ್ರನೆ ಹಿಂದಕ್ಕೆ ಓಡಿತು, ನಮ್ಮ ತಲೆಯ ಮೇಲೆ ಕತ್ತಲಲ್ಲಿ ಖಟಾರ್ ಎಂದು ಕಬ್ಬಿಣಕ್ಕೆ ಕಬ್ಬಿಣ ಬಡಿಯಿತು. ಡ್ರೈವರು ಕೈದೀಪ ಎತ್ತಿದರು. ಕೈ ಅಡ್ಡವಾಗಿ, ನೆಟ್ಟಗೆ, ತನ್ನ ಜಾಗದಲ್ಲಿ.

ಮಾವ ಬಂದು ಏಣಿ ಹತ್ತಿದರು. ಆರಿದ ದೀಪವನ್ನು ಹೊರಗೆಳೆದರು. ಕೆಳಗಿನಿಂದ ನನಗೆ ಕಂಡಿತು, ಡಬ್ಬಿಯ ಬಾಗಿಲು ತೆರೆದಿತ್ತು. ನಾನು ಸಿಕ್ಕಿಸಿದ ಕೊಂಡಿ ಸರಿಯಾಗಿ ಸಿಕ್ಕಿರಲಿಲ್ಲ. ಮಾವ ಅದನ್ನು ನೋಡಿದರು, ಒಂದು ಸಲ ನನ್ನ ಕಡೆ ನೋಡಿದರು, ಹೊಸ ದೀಪವನ್ನು ಕೂರಿಸಿ ಇಳಿದು ಬಂದರು. “ದೀಪ ಹೆಂಗೆ ಆರಿತಪ್ಪಾ?” ಎಂದು ಡ್ರೈವರು ಕೇಳಿದ್ದಕ್ಕೆ, “ಗಾಳಿ ಸ್ವಾಮಿ, ನಂದೇ ತಪ್ಪು,” ಎಂದಷ್ಟೇ ಹೇಳಿ ಚೀಟಿ ಕೊಟ್ಟರು. ನನ್ನ ಕೈಕಾಲು ನಡುಗಿದ್ದು ಚಳಿಗೆ ಎಂದು ಅವರೆಲ್ಲ ತಿಳಿದುಕೊಂಡಿರಬೇಕು.

ಹಸಿರು ಕೈದೀಪ ಹಿಡಿದು ಮಾವ ಮುಂದೆ, ನಡಿಗೆಯ ವೇಗದಲ್ಲಿ ಗಾಡಿ ಹಿಂದೆ. ಹೋಮ್ ದಾಟಿ ಪ್ಲಾಟ್‌ಫಾರ್ಮಿಗೆ ಬರುವ ಹೊತ್ತಿಗೆ ನಡುರಾತ್ರಿ. ಯಾರಿಗೂ ಏನೂ ಆಗಲಿಲ್ಲ. ಹೋಮ್ ಕೆಂಪಿತ್ತು, ಔಟರನ್ನು ತಪ್ಪಿ ದಾಟಿದ್ದರೂ ಇನ್ನೊಂದು ಕಾವಲು ಇತ್ತು. ದೊಡ್ಡ ಅನಾಹುತ ತಪ್ಪಿತು ಎಂದು ನಾನು ಹೇಳುವುದಿಲ್ಲ. ಆದರೆ ಮುಂದಿನ ಬೆಳಿಗ್ಗೆ ನಾನು ಅಳುತ್ತಾ ಕೊಂಡಿಯ ಮಾತು ಹೇಳಿದಾಗ, ದೀಪ ಆರಿದ್ದರಿಂದಲೇ ಅಲ್ಲವೇ ಗಾಡಿ ನಿಂತದ್ದು ಎಂದು ಸಮಾಧಾನಕ್ಕೆ ದಾರಿ ಹುಡುಕಿದಾಗ, ಮಾವ ಬೀಡಿ ಪಕ್ಕಕ್ಕಿಟ್ಟು ಹೇಳಿದ್ದು ನೆನಪಿದೆ: “ದೀಪ ಉರೀತಿದ್ದು ಕೈ ಜೋತಿದ್ರೆ ಕೆಂಪೂ ಅಲ್ಲ ಹಸಿರೂ ಅಲ್ಲ ಅನ್ನೋ ಬೆಳಕು ಕಾಣ್ತಿತ್ತು. ಆ ಡ್ರೈವರು ಅದಕ್ಕೂ ನಿಲ್ಲಿಸ್ತಿದ್ರು. ನೀನು ಕೊಂಡಿ ಹಾಕೋದು ಕಲಿ.” ರಜೆ ಮುಗಿಯುವ ತನಕ ಪ್ರತಿ ಸಂಜೆ ಎಲ್ಲ ದೀಪಗಳ ಕೊಂಡಿ ನನ್ನಿಂದಲೇ ಹಾಕಿಸಿದರು. ಒಂದೊಂದನ್ನೂ ತಾವು ಎಳೆದು ನೋಡುತ್ತಿದ್ದರು.

ಆಮೇಲಿನ ವರ್ಷಗಳಲ್ಲಿ ನಾನು ಇದರ ಬೆನ್ನು ಹತ್ತಿದೆ. ಒಂದೇ ರೈಲ್ವೆಯಲ್ಲಿ ಕೈ ಇಳಿಸುವವರೂ ಕೈ ಎತ್ತುವವರೂ ಏಕೆ? ನಮ್ಮ ದಾರಿ ಹಳೆಯದು. ಬೆಂಗಳೂರಿನಿಂದ ತುಮಕೂರಿಗೆ 1884ರಲ್ಲಿ ಗಾಡಿ ಬಂತು, 1889ರ ಹೊತ್ತಿಗೆ ಕಂಬಿ ತಿಪಟೂರು, ಅರಸೀಕೆರೆ ದಾಟಿ ಹರಿಹರ ಮುಟ್ಟಿತ್ತು. ಬಹುಕಾಲ ಓಡಿಸಿದ್ದು ಸದರ್ನ್ ಮರಾಠಾ ಕಂಪನಿ. 1908ರಲ್ಲಿ ಅದು ಮದ್ರಾಸ್ ರೈಲ್ವೆಯ ಜೊತೆ ಸೇರಿತು. 1938ರಲ್ಲಿ ಮೈಸೂರು ಸಂಸ್ಥಾನ ತಾನೇ ನಡೆಸಲು ಕೈಗೆ ತೆಗೆದುಕೊಂಡಿತು. 1951ರ ಏಪ್ರಿಲ್ 14ರಂದು ಮದರಾಸಿನ ಎರಡು ರೈಲ್ವೆಗಳೂ ಮೈಸೂರಿನದೂ ಕೂಡಿ ದಕ್ಷಿಣ ರೈಲ್ವೆಯಾಯಿತು. ಧಣಿ ಒಬ್ಬನೇ ಆದ, ಕೆಲಸಗಾರರು ಅತ್ತಿತ್ತ ವರ್ಗವಾಗತೊಡಗಿದರು, ಆದರೆ ನೆಟ್ಟ ಕಂಬಗಳು ನೆಟ್ಟಲ್ಲೇ ಇದ್ದವು. ಗಾಡಿ ದಟ್ಟವಾಗಿ, ಜೋರಾಗಿ ಓಡುವ ದಾರಿಗಳಿಗೆ ಮೇಲಕ್ಕೆತ್ತುವ ಕೈ ಬಂತು, ಅದರ ಜೊತೆಗೆ ಹಳದಿ ದೀಪ. ನಮ್ಮಂಥ ದಾರಿಗಳಲ್ಲಿ ಹಳೆಯದೇ ನಡೆಯಿತು.

ಇಂಗ್ಲೆಂಡಿನಲ್ಲೂ ಇದೇ ಕತೆ. 1920ರ ದಶಕದಲ್ಲಿ ಅಲ್ಲಿಯ ಕಂಪನಿಗಳೆಲ್ಲ ಎತ್ತುವ ಕೈಗೆ ತಿರುಗಿಕೊಂಡರೂ ಗ್ರೇಟ್ ವೆಸ್ಟರ್ನ್ ರೈಲ್ವೆ ಮಾತ್ರ ಇಳಿಸುವ ಕೈಯನ್ನೇ ಹಿಡಿದುಕೊಂಡಿತು. ನಮ್ಮ ಮೀನ್‌ಬಾಲ ಅಲ್ಲಿಯದೇ. ಅಲ್ಲಿ ಅದರ ಹೆಸರು ಡಿಸ್ಟೆಂಟ್, ಮೊದಲು ಅಲ್ಲಿಯೂ ಕೆಂಪೇ. ನಿಲ್ಲುವ ಕೆಂಪಿಗೂ ಎಚ್ಚರಿಸುವ ಕೆಂಪಿಗೂ ಗೊಂದಲವಾಗುತ್ತದೆಂದು ಅವರು ಅದಕ್ಕೆ ಹಳದಿ ಬಳಿದರು. ನಮ್ಮ ದಾರಿಯಲ್ಲಿ ಅದು ವಾರ್ನರ್ ಎಂಬ ಹೆಸರಿನಲ್ಲಿ ಕೆಂಪಾಗಿಯೇ ಉಳಿಯಿತು. ಅದು ಒಂಟಿ ಕಂಬದಲ್ಲಿದ್ದರೆ ಮೇಲೊಂದು ಹಸಿರು ದೀಪವನ್ನು ಖಾಯಂ ಉರಿಸಿಡುತ್ತಿದ್ದರು, ಈ ಕೆಂಪು ನಿಲ್ಲುವ ಕೆಂಪಲ್ಲ ಎಂದು ತಿಳಿಯಲಿ ಅಂತ. ನನಗೆ ಇದು ಬಹಳ ಇಷ್ಟವಾದ ಸಂಗತಿ. ಬಣ್ಣ ಸಾಲದೆ ಹೋದಾಗ ಎರಡು ದೀಪ ಜೋಡಿಸಿ ಹೊಸ ಮಾತು ಮಾಡಿದ್ದಾರೆ, ಎರಡು ಅಕ್ಷರ ಕೂಡಿಸಿ ಒತ್ತಕ್ಷರ ಮಾಡಿದ ಹಾಗೆ.

1990ರ ದಶಕದಲ್ಲಿ ನಮ್ಮ ದಾರಿಗೂ ದೊಡ್ಡ ಗೇಜು ಬಂತು. ಮಾವ ಅದೇ ಕಾಲಕ್ಕೆ ನಿವೃತ್ತರಾದರು. ಮುಂದೆ ಕೈಮರಗಳೇ ಹೋಗಿ ಬಣ್ಣದ ದೀಪಗಳು ನಿಂತವು. 2003ರಲ್ಲಿ ಹುಬ್ಬಳ್ಳಿಯಲ್ಲಿ ನೈಋತ್ಯ ರೈಲ್ವೆ ಕಣ್ಣುಬಿಟ್ಟಿತು. ಹೊಸ ಏರ್ಪಾಟಿನಲ್ಲಿ ಗಾಡಿಗೆ ಮೊದಲು ಸಿಗುವುದು ಡಿಸ್ಟೆಂಟ್. ಅದರ ಕಂಬಕ್ಕೆ ‘ಪಿ’ ಎಂದು ಬರೆದ ದುಂಡು ಬಿಲ್ಲೆ ಇರುತ್ತದೆ. ಅಲ್ಲಿ ಗಾಡಿ ನಿಲ್ಲುವುದಿಲ್ಲ, ಹಳದಿ ಕಂಡರೆ ಮುಂದೆ ಹೋಮ್‌ನಲ್ಲಿ ನಿಲ್ಲಲು ಸಿದ್ಧವಾಗುತ್ತದೆ, ಅಷ್ಟೇ. ಔಟರನ್ನು ಆನ್‌ನಲ್ಲಿ ದಾಟಿದರೆ ಡ್ರೈವರಿನ ಕೆಲಸಕ್ಕೇ ಕುತ್ತು. ಡಿಸ್ಟೆಂಟನ್ನು ಆನ್‌ನಲ್ಲಿ ದಾಟುವುದು ದಿನನಿತ್ಯದ ಸಂಗತಿ. ಊರ ಹೊರಗಿನ ಮೊದಲ ಕಂಬ ಎಂಬ ಜಾಗ ಅದೇ, ಅದರ ಮಾತು ಪೂರಾ ಬೇರೆ. ಅದಕ್ಕೇ ಅದರ ಹೆಸರನ್ನೂ ಬದಲಾಯಿಸಿದರು. ಹೆಸರು ಹಳೆಯದೇ ಇದ್ದಿದ್ದರೆ ಹಳೆಯ ಅರ್ಥ ಹಿಂದೆಯೇ ಬರುತ್ತಿತ್ತು.

“ಹಂಗಾದ್ರೆ ಅಪ್ಪ ಈಗ ಎಲ್ಲಿದಾನೆ?” ಮೊಮ್ಮಗಳು ಕೇಳಿದಳು.

ಹೋಮ್ ಸಿಗ್ನಲ್ಲಿನ ಮುಂದೆ ನಿಂತಿರಬೇಕು. ಆ ಗಾಡಿಯ ದಾರಿಯಲ್ಲಿ ಔಟರ್ ಎಂಬುದೇ ಇಲ್ಲ. ಆದರೂ ಡಬ್ಬಿಯಲ್ಲಿ ಕೂತವರೆಲ್ಲ ತಮ್ಮ ತಮ್ಮ ಮನೆಗೆ ಫೋನು ಮಾಡಿ ಔಟರ್‌ನಲ್ಲಿ ನಿಂತಿದೆ ಎಂದೇ ಹೇಳಿರುತ್ತಾರೆ, ಕೈಮರ ಕಾಣದ ಹುಡುಗರೂ ಸೇರಿ. ಪುಸ್ತಕದವರು ಕೈಬಿಟ್ಟ ಹೆಸರನ್ನು ಕಾಯುವವರು ಉಳಿಸಿಕೊಂಡರು. ಕಾಯುವವರಿಗೆ ಅದು ಕಂಬದ ಹೆಸರಲ್ಲ, ಊರು ಕಂಡೂ ಇಳಿಯಲಾಗದ ಜಾಗದ ಹೆಸರು. ‘ಸಿಗ್ನಲ್ ಬಿತ್ತು’ ಎಂಬ ಮಾತೂ ಹಾಗೇ. ಕೈ ಕೆಳಗೆ ಬೀಳುತ್ತಿದ್ದ ಕಾಲದ್ದು. ಆಗ ಸ್ಟೇಷನ್ನಿನಲ್ಲಿ ಅದನ್ನು ಕೇಳಿದವರು ಗಂಟುಮೂಟೆ ಎತ್ತಿಕೊಂಡು ಏಳುತ್ತಿದ್ದರು. ಈಗ ಬೆಂಗಳೂರಿನ ಚೌಕದಲ್ಲಿ ಅದೇ ಮಾತಿಗೆ ಬ್ರೇಕು ಒತ್ತುತ್ತಾರೆ.

ಮಾವ ತೀರಿಕೊಳ್ಳುವ ಹಿಂದಿನ ವರ್ಷ ನೊಣವಿನಕೆರೆಗೆ ಬಂದಿದ್ದಾಗ ಈ ಚೂರು ಕೊಟ್ಟರು. ಆ ರಾತ್ರಿ ಕೈ ಖಟಾರ್ ಎಂದು ಅಡ್ಡಕ್ಕೆ ಬಡಿದ ಹೊಡೆತಕ್ಕೆ ಮೇಲಿನ ಕೈಯ ಕನ್ನಡಕದಲ್ಲಿ ಒಂದು ಗಾಜು ಬಿರುಕು ಬಿಟ್ಟಿತ್ತಂತೆ. ಕೈಮರಕ್ಕೂ ಕನ್ನಡಕ ಉಂಟು, ಎರಡು ಗಾಜಿನ ಕಬ್ಬಿಣದ ಚೌಕಟ್ಟಿಗೆ ಆ ಹೆಸರು. ಮರುದಿನ ಗಾಜು ಬದಲಾಯಿಸಲು ಬಂದವರು ಒಡೆದ ಗಾಜನ್ನು ಜಲ್ಲಿಯ ಮೇಲೆ ಎಸೆದು ಹೋಗಿದ್ದರು. ಮಾವ ಎತ್ತಿಟ್ಟುಕೊಂಡಿದ್ದರು.

“ಇದು ಕೆಂಪೋ ಹಸಿರೋ ತಾತ? ಇದು ನೀಲಿ ಅಲ್ವಾ?”

ನಾನು ಉತ್ತರ ಹೇಳಲಿಲ್ಲ. ಇನ್ನೊಂದು ಬೊಗಸೆ ಚಿಪ್ಪು ಬೆಂಕಿಗೆ ಹಾಕಿದೆ. ಎಣ್ಣೆಯ ಪಸೆ ಹತ್ತಿ ಉರಿ ಎದ್ದಿತು, ಸೀಮೆಎಣ್ಣೆಯ ಬತ್ತಿಯಷ್ಟೇ ಹಳದಿ. ಈಗ ನೋಡು ಎಂದೆ. ಅವಳು ಒಂದು ಕಣ್ಣು ಮುಚ್ಚಿ ಚೂರನ್ನು ಇನ್ನೊಂದು ಕಣ್ಣಿಗೆ ಹಿಡಿದಳು, ಬೆಂಕಿಯ ಕಡೆ ತಿರುಗಿದಳು.

“ತಾತಾ, ಹಸಿರು!” ಎಂದು ಕೂಗಿದಳು.